ನಡುಗುವ ಎಂಜಿನ್

ಜನವರಿ 9

ತಮ್ಮಾ,

ಎರಡು ವರ್ಷ ಮಾತಿಲ್ಲದೆ ಕೂತವಳು ಇದ್ದಕ್ಕಿದ್ದಂತೆ ಕಾಗದ ಬರೆದಳೆಂದು ಹುಬ್ಬು ಗಂಟಿಕ್ಕಬೇಡ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. "ಕೆಲ್ಸ ಇಲ್ದೆ ನಮ್ಮಕ್ಕ ಯಾವತ್ತು ನೆನೆಸ್ಕೊಂಡಿದ್ದಾಳೆ?" ಎಂದು ನೀನು ಸ್ಪ್ಯಾನರ್ ಕೆಳಗಿಟ್ಟು ಗೊಣಗುವುದು ಇಲ್ಲಿಗೇ ಕಾಣುತ್ತಿದೆ.

ವಿಷಯ ಇಷ್ಟು. ನಮ್ಮ ರೇಸ್ ಕಾರು ಜೀರುಂಡೆಯ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸಬೇಕು. ನೀನು ಕಟ್ಟಿದ ಎಂಜಿನ್ನಿಗೆ ಏನೂ ಆಗಿಲ್ಲ, ಈಗಲೂ ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಎದ್ದು ಕೂರುತ್ತದೆ. ಆದರೆ ನನಗೆ ಅದು ಬೇಡ. ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿನವರೆಗೆ ಕಿರುಚಿಕೊಂಡು ಹೋಗುವ ಆ ಪುಟ್ಟ ಎಂಜಿನ್ ಬದಲು, ಕೆಳಗಿನ ಸುತ್ತಿನಲ್ಲೇ ಭಾರ ಎಳೆಯುವ ಎಮ್ಮೆಯಂಥದೊಂದು ಬೇಕು. ಯಾವುದು ಎಂದು ನೀನೇ ನೋಡು. ನನಗೆ ಕಾರು ಓಡಿಸುವುದು ಗೊತ್ತು, ಅದರ ಹೊಟ್ಟೆಯೊಳಗಿನ ಸಂಸಾರ ನಿನಗೆ ಗೊತ್ತು. ಅಂದಿನಿಂದಲೂ ಹಾಗೇ ಅಲ್ಲವೇ ನಾವು ನಡೆದು ಬಂದದ್ದು.

ಹೋದ ಸೆಪ್ಟೆಂಬರಿನ ಗುಡ್ಡ ಹತ್ತುವ ಕಾರು ಸ್ಪರ್ಧೆಯಲ್ಲಿ ಮೂರನೇ ತಿರುವಿನ ಗೋಡೆಗೆ ಎಡಮಗ್ಗುಲು ಉಜ್ಜಿದೆ. ನನಗೇನೂ ಆಗಲಿಲ್ಲ, ಬಣ್ಣ ಹೋಯಿತು ಅಷ್ಟೆ. ಆದರೆ ಮೇಲೆ ತಲುಪಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗುಡ್ಡದ ಮಧ್ಯದಿಂದ ಹಿಂದಕ್ಕೆ ತಳ್ಳಿಸಿಕೊಂಡು ಬಂದೆ. ಅಲ್ಲಿಗೇ ಮುಗಿಸಲು ನನಗೆ ಮನಸ್ಸಿಲ್ಲ. ಈ ಸೆಪ್ಟೆಂಬರಿನಲ್ಲಿ ಒಂದು ಸಲ ತುದಿ ಮುಟ್ಟಬೇಕು, ನಾನೇ ಓಡಿಸಿಕೊಂಡು. ಆಮೇಲೆ ಬಿಟ್ಟರೂ ಬಿಟ್ಟೆ.

ಫೋನ್ ಮಾಡಬೇಡ, ಬರೆ. ನಿನ್ನ ಆ ಗುಂಡಿ ಒತ್ತುವ ಫೋನಿಗೆ ಕಳಿಸಿದ ಮೆಸೇಜನ್ನು ನೀನು ಓದಿದ ಚರಿತ್ರೆಯೇ ಇಲ್ಲ, ಹಾಗಾಗಿ ಅಂಚೆಯೇ ಗತಿ.

ಭಾವ ಕೇಳಿದ್ದಾರೆಂದು ತಿಳಿಸಲು ಹೇಳಿದರು.

ನಿನ್ನ ಅಕ್ಕ


ಫೆಬ್ರವರಿ 2

ಅಕ್ಕಾ,

ಕಾಗದ ಮೂರು ವಾರ ತಡವಾಗಿ ಸಿಕ್ಕಿತು. ಕಾರಣ ಹೇಳುತ್ತೇನೆ ಕೇಳು. ನೀನು ಬರೆದ ವಿಳಾಸದಲ್ಲಿ ಈಗ ನನ್ನ ವರ್ಕ್‌ಶಾಪ್ ಇಲ್ಲ. ಬಾಗಿಲು ಹಾಕಿ ಎರಡು ವರ್ಷವಾಯಿತು. ಅಲ್ಲಿ ಈಗ ಮಂಚ ಕುರ್ಚಿ ಮಾರುತ್ತಾರೆ. ಪಕ್ಕದ ಟೈರ್ ಅಂಗಡಿಯವನು ನಿನ್ನ ಅಕ್ಷರ ಗುರುತಿಸಿ ಇಟ್ಟುಕೊಂಡಿದ್ದ, ಯಾರೋ ಬರುವಾಗ ಕೊಟ್ಟು ಕಳಿಸಿದ.

ನಿನಗೆ ಇದು ಹೊಸ ಸುದ್ದಿ ಎಂಬಂತೆ ನಟಿಸಬೇಡ. ಬಾಗಿಲು ಹಾಕಿದ ದಿನವೇ ನಿನಗೆ ಫೋನ್ ಮಾಡಿದ್ದೆ. ಬೇರೆ ಯಾರಿಗೂ ಮಾಡಿರಲಿಲ್ಲ. "ಅಕ್ಕಾ, ಮುಚ್ಬಿಟ್ಟೆ ಕಣೇ, ಇನ್ನು ಆಗ್ಲಿಲ್ಲ" ಎಂದೆ. ನೀನು "ಹೂಂ, ಒಳ್ಳೇದಾಯ್ತು ಬಿಡು" ಎಂದು ನಕ್ಕು ಫೋನ್ ಇಟ್ಟೆ. ಮೂವತ್ತು ವರ್ಷದ ಅಂಗಡಿ. ನನಗೆ ಹೆಂಡತಿ ಮಕ್ಕಳಿಲ್ಲ, ಇದ್ದದ್ದು ಅದೊಂದೇ ಎಂದು ನಿನಗೆ ಗೊತ್ತಿತ್ತು. ಆಮೇಲೆ ನಾನು ಫೋನ್ ಮಾಡಲಿಲ್ಲ. ಮಾಡಬೇಕು ಅನ್ನಿಸಲೂ ಇಲ್ಲ.

ಈಗ ದೊಡ್ಡ ಕಟ್ಟಡಗಳ ಜನರೇಟರ್ ರಿಪೇರಿ ಮಾಡುವ ಕಡೆ ಸಂಬಳಕ್ಕಿದ್ದೇನೆ. ಕಾರಿನ ಕೆಲಸ ಬಿಟ್ಟಿದ್ದೇನೆ.

ಅಂಗಡಿ ಹೋದಾಗ ಒಳ್ಳೇದಾಯ್ತು ಎಂದೆ, ಈಗ ಎಂಜಿನ್ ಕೂಡ ಬೇಡ ಎನ್ನುತ್ತೀಯ. ನಾನು ಮಾಡಿದ್ದರಲ್ಲಿ ಉಳಿದಿರುವುದು ಅದೊಂದು. ಅದನ್ನೂ ನನ್ನ ಕೈಯಿಂದಲೇ ಇಳಿಸಬೇಕೆ? ಬೇರೆ ಮೆಕ್ಯಾನಿಕ್ ನೋಡಿಕೋ.

ಭಾವನಿಗೆ ನಮಸ್ಕಾರ.

ಇಂತಿ, ತಮ್ಮ


ಫೆಬ್ರವರಿ 11

ತಮ್ಮಾ,

ನಿನ್ನ ಕಾಗದ ಓದಿ ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟೆ. ಭಾವ ಬಂದು ಎಬ್ಬಿಸಬೇಕಾಯಿತು. ಅಂಗಡಿ ಮುಚ್ಚಿದ್ದು ನನಗೆ ಗೊತ್ತಿಲ್ಲ ಕಣೋ. ಆಣೆ ಮಾಡಿ ಹೇಳುತ್ತೇನೆ, ನಿನ್ನ ಕಾಗದ ಬರುವವರೆಗೂ ಗೊತ್ತಿರಲಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ.

ಬರೆದುಬಿಟ್ಟೆ. ಈ ಒಂದು ಸಾಲು ಬರೆಯಲು ಎರಡು ವರ್ಷ ಬೇಕಾಯಿತು. ಮೊದಲು ಬಲಗಿವಿ ಹೋಯಿತು, ಆಮೇಲೆ ಎಡದ್ದು. ಈಗ ಎದುರಿಗೆ ಕೂತು ಮುಖ ನೋಡಿ ನಿಧಾನವಾಗಿ ಮಾತಾಡಿದರೆ ತುಟಿ ಓದಿ ಅರ್ಧ ಹಿಡಿಯುತ್ತೇನೆ. ಫೋನಿನಲ್ಲಿ ಯಾರೋ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆ, ಯಾರು ಏನೇ ಹೇಳಲಿ, "ಹೂಂ, ಒಳ್ಳೇದಾಯ್ತು ಬಿಡು" ಎಂದು ನಕ್ಕು ಇಟ್ಟುಬಿಡುವುದು. ಜನ ಹೆಚ್ಚಾಗಿ ಒಳ್ಳೆಯ ಸುದ್ದಿಗೇ ತಾನೇ ಫೋನ್ ಮಾಡುವುದು ಎಂದುಕೊಂಡಿದ್ದೆ. ನಿನಗೂ ಅದನ್ನೇ ಹೇಳಿದ್ದೇನೆ. ನೆನೆಸಿಕೊಂಡರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಯಾರಿಗೂ ಹೇಳಿಲ್ಲ. ಭಾವನಿಗೆ ಗೊತ್ತಾಗದೆ ಇರಲಿಲ್ಲ. ಕಣ್ಣಿನ ವ್ಯಾಪಾರ ಮಾಡುವವನ ಹೆಂಡತಿಗೆ ಕಿವಿ ಹೋಗಿದೆ, ಕನ್ನಡಕದ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ ಎಂದು ಅವರೇ ತಮಾಷೆ ಮಾಡುತ್ತಾರೆ. ಡ್ರೈವಿಂಗ್ ಸ್ಕೂಲಿನ ಕೆಲಸಕ್ಕೆ ತೊಂದರೆಯಾಗಿಲ್ಲ. ಕಲಿಯಲು ಬಂದವರ ಮಾತು ಕೇಳುವ ಬದಲು ಅವರ ಕಾಲು ನೋಡುತ್ತೇನೆ, ಕಾಲು ಸುಳ್ಳು ಹೇಳುವುದಿಲ್ಲ.

ಆದರೆ ಗುಡ್ಡದಲ್ಲಿ ಸಿಕ್ಕಿಬಿದ್ದೆ. ಆ ರಸ್ತೆಯಲ್ಲಿ ಕಣ್ಣು ಒಂದು ಕ್ಷಣವೂ ಆಚೀಚೆ ಹೋಗಬಾರದು. ಗೇರ್ ಯಾವಾಗ ಬದಲಿಸಬೇಕೆಂದು ಇಷ್ಟು ವರ್ಷ ನನಗೆ ಹೇಳುತ್ತಿದ್ದದ್ದು ಜೀರುಂಡೆಯ ಕಿರುಚಾಟವೇ. ಅದು ಹೋದಮೇಲೆ ಗಾಜಿನ ಕೆಳಗೆ ಒಂದು ಕೆಂಪು ದೀಪ ಹಾಕಿಸಿದೆ, ಸುತ್ತು ಏರಿದಾಗ ಹೊತ್ತಿಕೊಳ್ಳುವಂಥದ್ದು. ಮೂರನೇ ತಿರುವಿನಲ್ಲಿ ಬಿಸಿಲು ನೇರ ದೀಪದ ಮೇಲೆ ಬಿತ್ತು. ಹೊತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಗೋಡೆ ಉಜ್ಜಿದ್ದು ಆಗಲೇ. ಕಿವಿಗೆ ಹಾಕುವ ಯಂತ್ರವನ್ನೂ ನೋಡಿಯಾಯಿತು, ಹೆಲ್ಮೆಟ್ಟಿನೊಳಗೆ ಅದು ಹಿಟ್ಟಿನ ಗಿರಣಿ.

ಮೈಗೆ ಗೊತ್ತಾಗುವ ಎಂಜಿನ್ ಬೇಕು ತಮ್ಮ. ಕಿವಿ ಹೇಳುತ್ತಿದ್ದದ್ದನ್ನು ಸೀಟು ಹೇಳಬೇಕು, ಕಾಲಡಿಯ ತಗಡು ಹೇಳಬೇಕು. ನಿನ್ನ ಎಂಜಿನ್ನಿನ ನಡುಕ ತೀರಾ ನುಣುಪು, ಐದು ಸಾವಿರವೂ ಒಂದೇ, ಎಂಟು ಸಾವಿರವೂ ಒಂದೇ, ಬರೀ ಜುಮ್ಮೆನ್ನುತ್ತದೆ. ಅದಕ್ಕೇ ಬೇಡ ಎಂದೆ. ಬೇರೆ ಏನೂ ಇಲ್ಲ.

ಅಂಗಡಿ ಯಾಕೆ ಮುಚ್ಚಿದೆ? ಈಗ ಹೇಳು. ಈ ಸಲ ಪೂರ್ತಿ ಓದುತ್ತೇನೆ.

ಅಕ್ಕ


ಮಾರ್ಚ್ 20

ಅಕ್ಕಾ,

ಒಂದು ತಿಂಗಳು ಬರೆಯಲಾಗಲಿಲ್ಲ. ಬರೆದು ಬರೆದು ಹರಿದೆ. ನನಗೆ ನಟ್ಟು ಬಿಗಿಯಲು ಬರುತ್ತದೆ, ಇದೆಲ್ಲ ಬರುವುದಿಲ್ಲ.

ಅಂಗಡಿ ಮುಚ್ಚಿದ್ದಕ್ಕೆ ದೊಡ್ಡ ಕಾರಣವಿಲ್ಲ. ಈಗಿನ ಕಾರುಗಳಿಗೆ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ, ನನ್ನಂತೆ ಬಾನೆಟ್ ಮೇಲೆ ಕಿವಿ ಇಟ್ಟು ಕೇಳುವವನ ಹತ್ತಿರ ಬರುವವರು ಕಡಿಮೆಯಾದರು. ಕೊನೆಯ ತಿಂಗಳು ಇಡೀ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಒಂದು ದಿನ ಕುರ್ಚಿ ಒಳಗಿಟ್ಟು ಬೀಗ ಹಾಕಿದೆ. ಅಷ್ಟೇ.

ನಿನ್ನ ಕಾಗದದಿಂದ ಇನ್ನೊಂದು ವಿಷಯ ಹೊಟ್ಟೆಯೊಳಗೆ ಸೇರಿಕೊಂಡಿದೆ. ಹೇಳದಿದ್ದರೆ ಕೊಳೆಯುತ್ತದೆ, ಅದಕ್ಕೆ ಹೇಳುತ್ತೇನೆ. ಆ ಎಂಜಿನ್ ನಾನು ಕಟ್ಟಿದ್ದು. ಇನ್ನೂ ಮೇಲೆ ಹೋಗಲಿ, ಇನ್ನೂ ಕೂಗಲಿ ಎಂದು ಪ್ರತಿ ಚಳಿಗಾಲ ಬಿಚ್ಚಿ ತಿದ್ದಿದ್ದು ನಾನು. ನೀನು ಅದರ ಬೆನ್ನ ಹಿಂದೆಯೇ ಕೂತದ್ದು ಇಪ್ಪತ್ತೆರಡು ವರ್ಷ. ನಿನ್ನ ಕಿವಿ ತಿಂದದ್ದು ಅದೇ ಇರಬೇಕು.

ಎಂಜಿನ್ ಹುಡುಕಿದ್ದೇನೆ. ಬ್ರೆಡ್ ಕಂಪನಿಯ ಹಳೆಯ ವ್ಯಾನಿನದು, ನಾಲ್ಕು ಸಿಲಿಂಡರ್, ಒಂದೊಂದು ಪಿಸ್ಟನ್ ನನ್ನ ಅಂಗೈಯಷ್ಟು. ಐದೂವರೆ ಸಾವಿರ ಸುತ್ತಿನ ಮೇಲೆ ಹೋಗುವುದಿಲ್ಲ, ಆದರೆ ಕೆಳಗಿನಿಂದಲೇ ಎಳೆಯುತ್ತದೆ. ಇಲ್ಲಿನ ಯಜಮಾನರು ಭಾನುವಾರ ಶೆಡ್ಡಿನ ಒಂದು ಮೂಲೆ ಬಿಟ್ಟುಕೊಡುತ್ತಾರಂತೆ. "ಬ್ರೆಡ್ ವ್ಯಾನಿನ ಎಂಜಿನ್ನು ರೇಸ್ ಕಾರಿಗಾ? ಕತ್ತೆ ಕಾಲು ಕುದುರೆಗೆ ಕಟ್ಟಿದ ಹಾಗಾಯ್ತಲ್ಲೋ" ಎಂದು ನಕ್ಕರು. ನಗಲಿ.

ಕಾರನ್ನು ಲಾರಿಯಲ್ಲಿ ಕಳಿಸು. ನೀನು ಓಡಿಸಿಕೊಂಡು ಬರಬೇಡ.

ತಮ್ಮ


ಏಪ್ರಿಲ್ 1

ತಮ್ಮಾ,

ಜೀರುಂಡೆ ಇವತ್ತು ಲಾರಿ ಹತ್ತಿತು. ಹಗ್ಗ ಬಿಗಿಯುವಾಗ ಡ್ರೈವರಿಗೆ ಎಷ್ಟು ಜಾಗ್ರತೆ ಹೇಳಿದೆನೆಂದರೆ, "ಅಮ್ಮಾ, ನೀವೂ ಹಿಂದೆ ಹತ್ಕೊಳ್ಳಿ, ಕಟ್ಕೊಂಡೇ ಹೋಗ್ತೀನಿ" ಎಂದನಂತೆ. ಭಾವ ಬರೆದು ತೋರಿಸಿದರು.

ಕಿವಿ ತಿಂದದ್ದು ಎಂಜಿನ್ ಎಂದು ನೀನು ಬರೆದಿದ್ದೀಯ. ಡಾಕ್ಟರು ಸದ್ದಿನಿಂದಲೂ ಇರಬಹುದು, ವಂಶದಿಂದ ಬಂದದ್ದೂ ಇರಬಹುದು ಎಂದರು. ಸದ್ದಿನಿಂದಲೇ ಎಂದಿಟ್ಟುಕೋ. ಕಿವಿಗೆ ಹತ್ತಿ ಇಟ್ಟುಕೋ ಎಂದು ನೀನು ಪ್ರತಿ ವರ್ಷ ಹೇಳುತ್ತಿದ್ದೆ, ಇಟ್ಟುಕೊಂಡರೆ ಕೇಳುವುದಿಲ್ಲ ಎಂದು ನಾನು ಪ್ರತಿ ವರ್ಷ ಬಿಸಾಡುತ್ತಿದ್ದೆ. ನನಗೆ ಆ ಸದ್ದು ಬೇಕಿತ್ತು. ಆ ಇಪ್ಪತ್ತೆರಡು ವರ್ಷದಷ್ಟು ಸುಖ ನನಗೆ ಇನ್ಯಾವುದರಲ್ಲೂ ಸಿಕ್ಕಿಲ್ಲ, ಭಾವನಿಗೆ ಮಾತ್ರ ಇದನ್ನು ಹೇಳಬೇಡ. ಆದ್ದರಿಂದ ಈ ಲೆಕ್ಕದಲ್ಲಿ ನಿನ್ನ ಹೆಸರು ಬರೆದುಕೊಳ್ಳುವುದನ್ನು ಬಿಡು. ಎಂಜಿನ್ ಇಳಿಸುವಾಗ ಬೈದುಕೊಳ್ಳುತ್ತಾ ಇಳಿಸಬೇಡ, ಮರ್ಯಾದೆಯಿಂದ ಇಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು. ಭಾನುವಾರವೆಲ್ಲ ಶೆಡ್ಡಿನಲ್ಲೇ ಬಿದ್ದಿರುತ್ತೀಯ ಎಂದು ನನಗೆ ಗೊತ್ತು.

ಅಕ್ಕ


ಮೇ 28

ಅಕ್ಕಾ,

ಆಯಿತು. ಕೂತಿತು.

ಸುಲಭಕ್ಕೆ ಕೂರಲಿಲ್ಲ. ಹೊಸ ಎಂಜಿನ್ ಉದ್ದ, ಜೀರುಂಡೆಯ ಮೂತಿ ಗಿಡ್ಡ. ಮುಂದಕ್ಕೆ ಇಟ್ಟರೆ ಮೂತಿ ಭಾರವಾಗಿ ತಿರುವಿನಲ್ಲಿ ನೆಟ್ಟಗೆ ಹೋಗಿ ಗೋಡೆಗೆ ಮುತ್ತಿಡುತ್ತದೆ. ಆದ್ದರಿಂದ ಹಿಂದಕ್ಕೆ ತಳ್ಳಿದೆ. ನಿನ್ನ ಕಾಲಿಗೂ ಎಂಜಿನ್ನಿಗೂ ನಡುವಿನ ತಗಡನ್ನು ಕತ್ತರಿಸಿ ಒಳಕ್ಕೆ ಬಗ್ಗಿಸಿದ್ದೇನೆ, ಈಗ ಅದು ಹೆಚ್ಚುಕಡಿಮೆ ನಿನ್ನ ಮೊಣಕಾಲಿನ ಪಕ್ಕದಲ್ಲೇ ಇದೆ. ಬ್ಯಾಟರಿ ಹಿಂದಿನ ಚಕ್ರದ ಹತ್ತಿರ ಹೋಯಿತು. ಹಳೆಯ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ಬೋಲ್ಟಿನ ತೂತುಗಳು ಕೂಡಿ ಬರಲಿಲ್ಲ. ನಡುವೆ ಒಂದು ದಪ್ಪ ಅಲ್ಯುಮಿನಿಯಂ ತಟ್ಟೆ ಕೊರೆದು ಎರಡಕ್ಕೂ ಸಂಬಂಧ ಮಾಡಿಸಿದೆ. ಕೂದಲೆಳೆಯಷ್ಟು ಓರೆಯಾಗಿತ್ತು, ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದೆ.

ಹಳೆಯ ಎಂಜಿನ್ ಇಳಿಸಿದ ದಿನ ಏನೂ ತಿನ್ನಲಾಗಲಿಲ್ಲ. ಸರಪಳಿಯಲ್ಲಿ ತೂಗಾಡುತ್ತಿತ್ತು, ಎಷ್ಟು ಚಿಕ್ಕದು ಅನ್ನಿಸಿತು. ಒರೆಸಿ, ಎಣ್ಣೆ ಹಚ್ಚಿ, ಬಟ್ಟೆ ಹೊದಿಸಿ ಇಟ್ಟಿದ್ದೇನೆ.

ಹೊಸದನ್ನು ಮಾತ್ರ ಬ್ರೆಡ್ ವ್ಯಾನಿನಲ್ಲಿದ್ದಂತೆ ಬಿಟ್ಟಿಲ್ಲ. ಪಿಸ್ಟನ್‌ಗಳನ್ನು ಒಂದಕ್ಕೊಂದು ತೂಗಿ ಸಮ ಮಾಡಿದೆ. ಅವು ತಿರುಗಿಸುವ ಕ್ರ್ಯಾಂಕ್ ಬಿಚ್ಚಿ ತಿದ್ದಿಸಿದೆ. ಮೌಂಟಿಂಗ್, ಅದೇ ಎಂಜಿನ್ ಕೂರುವ ರಬ್ಬರ್, ಹುಡುಕಿ ಹುಡುಕಿ ಅತ್ಯುತ್ತಮವಾದದ್ದು ಹಾಕಿದೆ. ಇಂಥ ದೊಡ್ಡ ಎಂಜಿನ್ ಸಹಜವಾಗಿ ಕುಣಿಯುತ್ತದೆ. ಅದನ್ನು ಅಡಗಿಸಲು ಕಂಪನಿಯವರೇ ಒಳಗೆ ಎರಡು ದಂಡ ಇಟ್ಟಿರುತ್ತಾರೆ, ಎಂಜಿನ್ ಒಂದು ಸುತ್ತು ತಿರುಗಿದರೆ ಅವು ಎರಡು ಸುತ್ತು ತಿರುಗಿ ನಡುಕವನ್ನು ನುಂಗುತ್ತವೆ. ಅವನ್ನೂ ಹೊಸದಾಗಿ ಬೇರಿಂಗ್ ಹಾಕಿ ಕೂರಿಸಿದ್ದೇನೆ. ನಾಲ್ಕು ಸಾವಿರ ಸುತ್ತಿನಲ್ಲಿ ಎಂಜಿನ್ ಮೇಲೆ ನೀರು ತುಂಬಿದ ಲೋಟ ಇಟ್ಟೆವು. ಒಂದು ಹನಿ ತುಳುಕಲಿಲ್ಲ. ಯಜಮಾನರು ನಗುವುದನ್ನು ನಿಲ್ಲಿಸಿದರು.

ಬಂದು ನೋಡು.

ತಮ್ಮ


ಜೂನ್ 19

ತಮ್ಮಾ,

ಮನೆಗೆ ಬಂದು ನಾಲ್ಕು ದಿನವಾಯಿತು. ನಿನ್ನೆದುರು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಶೆಡ್ಡಿನ ಹಿಂದಿನ ರಸ್ತೆಯಲ್ಲಿ ನೀನು ಕೀಲಿ ಕೊಟ್ಟು ಪಕ್ಕಕ್ಕೆ ಸರಿದು ನಿಂತೆಯಲ್ಲ, ಆಗ ನಿನ್ನ ಮುಖ ನೋಡಿದೆ. ಎಷ್ಟೋ ವರ್ಷದ ಹಿಂದೆ ನೋಡಿದ್ದ ಮುಖ ಅದು. ಓಡಿಸಿ ಬಂದು ಇಳಿದಾಗ ನೀನು ಏನೋ ಕೇಳಿದೆ. ನಿನ್ನ ಆ ಪೊದೆ ಮೀಸೆ ತುಟಿಯನ್ನು ಪೂರ್ತಿ ಮುಚ್ಚಿರುವುದರಿಂದ ಒಂದಕ್ಷರ ತಿಳಿಯಲಿಲ್ಲ, ಆದರೆ ಏನು ಕೇಳಿದೆ ಎಂದು ಗೊತ್ತಿತ್ತು. "ತುಂಬಾ ಚೆನ್ನಾಗಿದೆ" ಎಂದೆ. ಸುಳ್ಳು.

ನನಗೆ ಏನೂ ಗೊತ್ತಾಗಲಿಲ್ಲ ತಮ್ಮ. ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ಎಂದೇ ತಿಳಿಯದೆ ಎರಡು ಸಲ ಮತ್ತೆ ಕೀಲಿ ತಿರುಗಿಸಿದೆ. ಸೀಟಿನಲ್ಲಿ ಏನೂ ಇಲ್ಲ, ಕಾಲಡಿ ಏನೂ ಇಲ್ಲ. ಮರಗಳು ಮಾತ್ರ ಹಿಂದಕ್ಕೆ ಹೋಗುತ್ತಿದ್ದವು. ಹಳೆಯದರಲ್ಲಿ ಜುಮ್ಮೆನ್ನುವುದಾದರೂ ಇತ್ತು. ಗಣಪತಿ ಮಾಡು ಎಂದರೆ ಅವರಪ್ಪನನ್ನು ಮಾಡಿ ಕೊಟ್ಟಿದ್ದೀಯ ಮಾರಾಯ. ನಾನು ಕೇಳಿದ್ದು ಮೈಗೆ ತಿಳಿಯುವ ಎಂಜಿನ್, ನೀನು ಕಟ್ಟಿದ್ದು ಲೋಟದ ನೀರು ತುಳುಕದ ಎಂಜಿನ್.

ನಗೆಯಾಡಿ ಬರೆದೆ, ಆದರೆ ನಗು ಬರುತ್ತಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ನಿನ್ನ ತಪ್ಪಲ್ಲ, ಯಾವ ಎಂಜಿನ್ ಹಾಕಿದರೂ ಇಷ್ಟೇ ಇರಬೇಕು. ಕಿವಿಯ ಕೆಲಸ ಕಿವಿಯೇ ಮಾಡಬೇಕೇನೋ. ಭಾವ ನನ್ನ ಕೈ ಹಿಡಿದುಕೊಂಡು ಕಾಗದದ ಮೇಲೆ "ಸಾಕು ಬಿಡು" ಎಂದು ಬರೆದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಹೇಳಿದವರಲ್ಲ.

ಸೆಪ್ಟೆಂಬರಿಗೆ ಹೆಸರು ಕೊಟ್ಟಿದ್ದೆ, ವಾಪಸ್ ತೆಗೆದುಕೊಳ್ಳುತ್ತೇನೆ. ಜೀರುಂಡೆಯನ್ನು ಯಾರಾದರೂ ಕಿವಿ ಇರುವವರು ಕೊಳ್ಳಲಿ.

ಅಕ್ಕ


ಜೂನ್ 27

ಅಕ್ಕಾ,

ಹೆಸರು ವಾಪಸ್ ತೆಗೆದುಕೊಳ್ಳಬೇಡ. ತೆಗೆದುಕೊಂಡಿದ್ದರೆ ಮತ್ತೆ ಕೊಡು.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಇದಕ್ಕಿಂತ ಚೆನ್ನಾಗಿ ಎಂಜಿನ್ ಕಟ್ಟುವವನು ಯಾರಿದ್ದಾನೆ ಎಂದುಕೊಂಡೆ. ಭಾನುವಾರ ಶೆಡ್ಡಿಗೆ ಹೋದೆ. ಕಿವಿಗೆ ಮೇಣ ತುಂಬಿದೆ, ಅದರ ಮೇಲೆ ಜನರೇಟರ್ ಹತ್ತಿರ ಕೆಲಸ ಮಾಡುವಾಗ ಹಾಕುವ ದಪ್ಪ ಕಿವಿಮುಚ್ಚು ಹಾಕಿದೆ. ಆಮೇಲೆ ಕಾರು ಹತ್ತಿ ಓಡಿಸಿದೆ.

ಅರ್ಧ ರಸ್ತೆ ಹೋಗಿ ನಿಲ್ಲಿಸಿದೆ. ಭಯವಾಯಿತು. ನೀನು ಎಲ್ಲಿ ಕೂತಿದ್ದೀಯ ಎಂದು ಆಗ ತಿಳಿಯಿತು.

ಕೈಗೆ ಹತ್ತಿದ ಚಾಳಿ ಅಕ್ಕ. ಮೂವತ್ತು ವರ್ಷ ನಾನು ಕಲಿತದ್ದು ಒಂದೇ, ನಡುಕ ತೆಗೆಯುವುದು. ಎಂಜಿನ್ ನಡುಗಿದರೆ ಮೆಕ್ಯಾನಿಕ್ಕಿಗೆ ಅವಮಾನ. ನೀನು ನಡುಕ ಬೇಕು ಎಂದು ಬರೆದದ್ದನ್ನು ಹತ್ತು ಸಲ ಓದಿದ್ದೆ. ಓದಿಯೂ ಕೈ ತನ್ನಷ್ಟಕ್ಕೆ ತಾನು ನಡುಕ ತೆಗೆಯುತ್ತಾ ಹೋಯಿತು, ನಾನು ಹೆಮ್ಮೆಯಿಂದ ನೋಡುತ್ತಾ ಕೂತೆ.

ಅವತ್ತೇ ಎಂಜಿನ್ ಮತ್ತೆ ಇಳಿಸಿದೆ. ಎರಡು ದಂಡಗಳನ್ನೂ ಕಿತ್ತು ಹಾಕಿದೆ. ಅವಕ್ಕೆ ಎಣ್ಣೆ ಹೋಗುವ ತೂತುಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ಎಣ್ಣೆಯೆಲ್ಲ ಅಲ್ಲೇ ಸುರಿದು ಎಂಜಿನ್ ಸುಟ್ಟುಹೋಗುತ್ತದೆ, ಅದನ್ನೂ ಮುಚ್ಚಿದೆ. ರಬ್ಬರ್ ತೆಗೆದು ಅದರ ಜಾಗದಲ್ಲಿ ಗಟ್ಟಿ ಅಲ್ಯುಮಿನಿಯಂ ತುಂಡು ಕಡೆಯುತ್ತಿದ್ದೇನೆ. ಎಂಜಿನ್ ಇನ್ನು ನೇರ ಕಾರಿನ ಎಲುಬಿನ ಮೇಲೇ ಕೂರುತ್ತದೆ. ನಿನ್ನ ಸೀಟಿನ ಸ್ಪಂಜೂ ಹೋಯಿತು, ತಗಡಿನ ಮೇಲೆ ತೆಳು ಬಟ್ಟೆ ಅಷ್ಟೇ. ಯಜಮಾನರು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. "ಅಲ್ಲಯ್ಯಾ, ಸರಿಯಾಗಿದ್ದಿದ್ದನ್ನ ಕೆಡಿಸೋಕೆ ಭಾನುವಾರ ಬರ್ತೀಯಲ್ಲಾ, ನಿಂಗೇನಾಗಿದೆ?" ಎಂದರು. ಹೌದು ಸ್ವಾಮಿ, ಕೆಡಿಸುವುದೇ ಈಗ ಕೆಲಸ ಎಂದೆ.

ಸ್ವಲ್ಪ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಬೇಕೆಂದೇ ಒರಟು ಕೆಲಸ ಮಾಡುವುದು ನುಣುಪು ಕೆಲಸಕ್ಕಿಂತ ಕಷ್ಟ. ಎಷ್ಟು ನಡುಗಬೇಕು, ಎಲ್ಲಿ ನಡುಗಬೇಕು ಎಂದು ನೀನೇ ಬಂದು ಕೂತು ಹೇಳಬೇಕು.

ಇನ್ನೊಂದು ಸಲ ನನ್ನೆದುರು ಸುಳ್ಳು ಚೆನ್ನಾಗಿದೆ ಎನ್ನಬೇಡ.

ತಮ್ಮ


ಆಗಸ್ಟ್ 14

ತಮ್ಮಾ,

ಕಾರು ನಿನ್ನೆ ಬಂದು ಇಳಿಯಿತು. ಈ ಬೆಳಿಗ್ಗೆಯೇ ಓಡಿಸಿದೆ, ಭಾವ ಪಕ್ಕದಲ್ಲಿ. ಮನೆಗೆ ಬರುವಷ್ಟರಲ್ಲಿ ಅವರ ಕನ್ನಡಕ ಮೂಗಿನ ತುದಿಗೆ ಇಳಿದು, ಜೇಬಿನ ಪೆನ್ನು ಎಲ್ಲೋ ಬಿದ್ದುಹೋಗಿತ್ತು. "ಇದು ಕಾರೋ, ಕಲ್ಲು ಒಡೆಯೋ ಮೆಷೀನೋ?" ಎಂದರು. ಅಷ್ಟು ದೊಡ್ಡದಾಗಿ ಬಾಯಿ ತೆರೆದು ಹೇಳಿದ್ದರಿಂದ ಪೂರ್ತಿ ತಿಳಿಯಿತು.

ಹೋದ ತಿಂಗಳು ನಾವಿಬ್ಬರೂ ಕೂತು ಸರಿಮಾಡಿದ್ದು ಈಗ ಮೈಗೆ ಅಂಟಿಕೊಂಡಿದೆ. ಕೀಲಿ ತಿರುಗಿಸಿದರೆ ಪಾದದಡಿ ನಡುಕ ಕಾಣಿಸುತ್ತದೆ. ಮೂರು ಸಾವಿರಕ್ಕೆ ತೊಡೆಗೆ ಬರುತ್ತದೆ. ನಾಲ್ಕು ದಾಟಿದರೆ ಬೆನ್ನು ಹತ್ತುತ್ತದೆ. ಐದು ದಾಟುತ್ತಿದ್ದಂತೆ ಸ್ಟೀರಿಂಗ್ ಹಿಡಿದು ಮಣಿಕಟ್ಟಿಗೆ ಬಂದು ಕಚ್ಚುತ್ತದೆ, ಆಗ ಗೇರ್ ಬದಲಿಸಿದರೆ ಸರಿಯಾಗಿ ಕೂರುತ್ತದೆ. ಬಾಗಿಲ ಬಳಿಯ ಅಡ್ಡಪಟ್ಟಿಗೆ ನೀನು ಬೆಸುಗೆ ಹಾಕಿದ ಮೇಲೆ ತೊಡೆಯ ನಡುಕ, ಬೆನ್ನಿನ ನಡುಕ ಬೇರೆಬೇರೆಯಾಗಿವೆ, ಮೊದಲು ಎರಡೂ ಕಲಸಿಹೋಗುತ್ತಿದ್ದವು. ಈಗ ನನಗೆ ಮೈಯೆಲ್ಲ ಕಿವಿ.

ಒಂದು ವಿಷಯ ಹೇಳಲು ಮರೆತಿದ್ದೆ. ಕಳೆದ ಸಲ ನಾನು ಅಲ್ಲಿಗೆ ಬಂದಾಗ ನೀನು ಮೀಸೆ ಕತ್ತರಿಸಿಕೊಂಡಿದ್ದೆ. ಬಿಸಿಲಿಗೆ ಎಂದು ಏನೋ ನೆಪ ಹೇಳಿದೆ. ಆ ನೆಪವೂ ನನಗೆ ಅಕ್ಷರ ಬಿಡದೆ ತಿಳಿಯಿತು, ಕತ್ತೆ.

ಸೆಪ್ಟೆಂಬರ್ ಇಪ್ಪತ್ತಕ್ಕೆ ಗುಡ್ಡ. ರಜೆ ಹಾಕಿ ಬಾ.

ಅಕ್ಕ


ಸೆಪ್ಟೆಂಬರ್ 25

ತಮ್ಮಾ,

ಅವತ್ತು ಗುಡ್ಡದ ಮೇಲೆ ಜನ ಮುತ್ತಿಕೊಂಡಿದ್ದರು, ನಿನಗೆ ಬಸ್ಸಿನ ಹೊತ್ತಾಗಿತ್ತು, ನೆಟ್ಟಗೆ ಎರಡು ಮಾತು ಆಡಲಾಗಲಿಲ್ಲ. ಅದಕ್ಕೆ ಇದು.

ಹೊರಡುವ ಗೆರೆಯ ಹತ್ತಿರ ಸೀಟಿಗೆ ಬೆನ್ನು ಒತ್ತಿ ಕೂತೆ. ಬಾವುಟ ಇಳಿಯಿತು, ಕ್ಲಚ್ಚಿನಿಂದ ಕಾಲು ಎತ್ತಿದೆ. ಮೊದಲ ತಿರುವಿಗೆ ಎಂಜಿನ್ ಬೆನ್ನು ಹತ್ತಿತು, ಎರಡನೆಯದಕ್ಕೆ ಮಣಿಕಟ್ಟು ಕಚ್ಚಿತು, ಗೇರ್ ಬದಲಿಸಿದೆ. ಮೂರನೇ ತಿರುವು ಬಂತು. ಹೋದ ವರ್ಷದ ಬಣ್ಣ ಇನ್ನೂ ಗೋಡೆಗೆ ಮೆತ್ತಿಕೊಂಡಿತ್ತು. ನೀನು ಅದರ ಮೇಲಿನ ಬೇಲಿಗೆ ಒರಗಿ ನಿಂತಿದ್ದದ್ದು ಕಂಡಿತು, ಕಂಡಿತೆಂದರೆ ಅಂಗಿಯ ಬಣ್ಣ ಅಷ್ಟೇ. ರಸ್ತೆ ಬಿಟ್ಟು ಕಣ್ಣು ಕದಲಲಿಲ್ಲ. ಕದಲಬೇಕಾದ ಕೆಲಸವೇ ಇರಲಿಲ್ಲ. ಆಮೇಲೆ ತುದಿಯವರೆಗೆ ಏನು ಮಾಡಿದೆನೋ ಸರಿಯಾಗಿ ನೆನಪಿಲ್ಲ, ಹಾಡುತ್ತಿದ್ದೆ ಅಂತ ಕಾಣುತ್ತದೆ.

ಹಳೆಯ ಎಂಜಿನ್ನಿನ ಹೊತ್ತಿಗಿಂತ ನಿಧಾನ. ನಮ್ಮ ವರ್ಗದಲ್ಲಿ ಏಳನೆಯವಳು. ನಾನು ತುದಿ ಮುಟ್ಟಿದೆ ತಮ್ಮ, ನಾನೇ ಓಡಿಸಿಕೊಂಡು. ಭಾವ ಅಲ್ಲಿ ಮಕ್ಕಳಂತೆ ಅತ್ತರು, ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಂಡರು.

ಬಂದಂದಿನಿಂದ ಒಂದು ಯೋಚನೆ ಬಿಡುತ್ತಿಲ್ಲ. ಹಳೆಯ ಜೀರುಂಡೆಯ ದನಿ ನನಗೆ ಚೆನ್ನಾಗಿ ನೆನಪಿದೆ, ಕಣ್ಣು ಮುಚ್ಚಿದರೆ ಕೇಳುತ್ತದೆ. ಆದರೆ ಈ ಎಂಜಿನ್ನಿನ ದನಿ ಹೇಗಿದೆ ಎಂದು ನನಗೆ ಗೊತ್ತೇ ಇಲ್ಲ. ನನ್ನ ಕಾರು, ನಾನು ಓಡಿಸುತ್ತೇನೆ, ಊರೆಲ್ಲ ಕೇಳುತ್ತದೆ, ನನ್ನೊಬ್ಬಳಿಗೆ ಕೇಳಿಲ್ಲ. ಭಾವನನ್ನು ಕೇಳಿದೆ, "ಜೋರಾಗಿದೆ" ಎಂದರು. ಅವರಿಂದ ಅಷ್ಟೇ ಆಗುವುದು.

ನೀನು ಮೂರನೇ ತಿರುವಿನಲ್ಲಿ ನಿಂತು ಕೇಳಿದ್ದೀಯ. ಹೇಗಿತ್ತು ಎಂದು ಬರೆ. ನಟ್ಟು ಬೋಲ್ಟಿನ ಭಾಷೆ ಬೇಡ, ನನಗೆ ಕೇಳಿಸುವ ಹಾಗೆ ಬರೆ.

ಅಕ್ಕ


ಅಕ್ಟೋಬರ್ 18

ಅಕ್ಕಾ,

ನೀನು ಕೊಟ್ಟ ಕೆಲಸಗಳಲ್ಲಿ ಇದೇ ಕಷ್ಟದ್ದು. ಎಂಜಿನ್ ಮೂರು ಸಲ ಇಳಿಸಿ ಹತ್ತಿಸಬಹುದು. ಈ ಕಾಗದಕ್ಕೆ ಮೂರು ವಾರವಾಯಿತು.

ಜೋರಾಗಿದೆ, ದಪ್ಪಗಿದೆ ಎಂದೆಲ್ಲ ಬರೆದು ನೋಡಿದೆ. ಅದು ಭಾವ ಹೇಳಿದ್ದೇ ಆಯಿತು. ಆಮೇಲೆ, ನಿನಗೆ ಕೇಳುತ್ತಿದ್ದ ಕಾಲದ ಸದ್ದುಗಳಲ್ಲೇ ಹೇಳಬೇಕು ಎಂದು ಹೊಳೆಯಿತು. ನಾವಿಬ್ಬರೂ ಕೇಳಿದ ಸದ್ದುಗಳು ಒಂದೇ ಮನೆಯವು ತಾನೇ.

ಕೆಳಗೆ, ನೀನು ಹೊರಡುವ ಗೆರೆಯಲ್ಲಿ ನಿಂತಿದ್ದಾಗ, ಗಾಳಿ ನನ್ನ ಕಡೆಗಿತ್ತು. ಅಪ್ಪ ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಎದ್ದು ಕೂತು, ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರಲ್ಲ, ಹಾಗಿತ್ತು. ಗದರುವುದಿಲ್ಲ, ಆದರೆ ಎದ್ದಿದ್ದಾರೆ ಎಂದು ಮನೆಗೆಲ್ಲ ಗೊತ್ತಾಗುತ್ತಿತ್ತು.

ನೀನು ಹೊರಟಮೇಲೆ ಮೊದಲ ಏರಿನಲ್ಲಿ, ನಮ್ಮ ಮಹಡಿಯ ಮೇಲಿನವರು ಕಬ್ಬಿಣದ ಮಂಚ ಎಳೆಯುತ್ತಿದ್ದ ಸದ್ದು. ಗೋಡೆಯೊಳಗಿನಿಂದ ಬಂದು ನಮ್ಮ ತಟ್ಟೆ ಲೋಟಕ್ಕೆಲ್ಲ ತಾಗುತ್ತಿದ್ದದ್ದು. ಅಲ್ಲಿ ನಿಂತಿದ್ದವರ ಕೈಯ ಬಾಟಲಿಗಳು ಕೂಡ ಅಲುಗಿದವು.

ಆಮೇಲೆ ಮೂರನೇ ತಿರುವು. ಇದನ್ನು ಹೇಗೆ ಬರೆಯಲಿ ಎಂದೇ ಇಷ್ಟು ದಿನ ಕಳೆದದ್ದು. ಅಮ್ಮ ಸಂಜೆ ಊಟಕ್ಕೆ ಕರೆಯುತ್ತಿದ್ದದ್ದು ನೆನಪಿದೆಯಾ? ಬಾಗಿಲಲ್ಲಿ ನಿಂತು ಮೊದಲು ನಿನ್ನ ಹೆಸರು. ಅದನ್ನು ಏರಿಸುತ್ತಾ ಏರಿಸುತ್ತಾ, ಬೀದಿಯ ಕೊನೆಯವರೆಗೂ ಮುಟ್ಟುವಂತೆ. ಆಮೇಲೆ ಒಂದು ಉಸಿರು. ಆಮೇಲೆ ನನ್ನ ಹೆಸರು, ಒಂದು ಮೆಟ್ಟಿಲು ಕೆಳಗಿನ ದನಿಯಲ್ಲಿ. ನೀನು ಗೇರ್ ಬದಲಿಸಿದಾಗ ಹಾಗೇ ಇತ್ತು ಅಕ್ಕ. ನಿನ್ನ ಹೆಸರು ಏರಿ ಏರಿ ತುದಿಗೆ ಹೋಯಿತು. ನೀನು ಕ್ಲಚ್ ಒತ್ತಿದೆ, ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಹಿಡಿಯಿತು, ಒಂದು ಮೆಟ್ಟಿಲು ಕೆಳಗೆ.

ನಾನು ಬೇಲಿ ಹಿಡಿದುಕೊಂಡು ನಿಂತಿದ್ದೆ. ಬಾಯಿಂದ ತಾನಾಗಿಯೇ, "ಬಂದೇ" ಎಂದು ಬಂತು. ಜೋರಾಗಿಯೇ ಬಂದಿರಬೇಕು, ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ತಮ್ಮ